ಡಿಸ್‌ಪ್ಲೇ ಬರ್ತಿಲ್ಲ ಸಾರ್!

ಬೇಸಿಗೆ ರಜೆ ಮುಗಿದು ಮೇ ಕೊನೆಗೆ ಶಾಲೆ ಶುರುವಾದರೂ ಕಂಪ್ಯೂಟರ್ ಕೊಠಡಿಯ ಬೀಗ ತೆಗೆಯುವಷ್ಟರಲ್ಲಿ ಜೂನ್ ಅರ್ಧ ಕಳೆದಿರುತ್ತದೆ. ದಾಖಲಾತಿ, ಪಠ್ಯಪುಸ್ತಕ, ಬಿಸಿಯೂಟದ ಲೆಕ್ಕವೆಲ್ಲ ಮುಗಿದ ಮೇಲೆ ಅದರ ಸರದಿ. ಮೇನ್ ಹಾಕಿ ಒಂದೊಂದೇ ಯಂತ್ರದ ಗುಂಡಿ ಒತ್ತುತ್ತಾ ಬಂದರೆ ಫ್ಯಾನ್ ತಿರುಗುತ್ತದೆ, ಪುಟ್ಟ ದೀಪವೂ ಹತ್ತುತ್ತದೆ, ಪರದೆ ಮಾತ್ರ ಕಪ್ಪಗೆ ಕೂತಿರುತ್ತದೆ. ಆಗ ಕೇಳಿಬರುವ ಮಾತು ಒಂದೇ: ‘ಡಿಸ್‌ಪ್ಲೇ ಬರ್ತಿಲ್ಲ ಸಾರ್!’ ಅದಕ್ಕೆ ಸಿಗುವ ಉತ್ತರವೂ ಬಹುಮಟ್ಟಿಗೆ ಒಂದೇ: ‘ಬೋರ್ಡ್ ಹೋಗೈತೆ ಬಿಡಿ.’ ಮತ್ತೆ ಬೀಗ.

ಈ ಉತ್ತರದ ಮೇಲೆ ನನ್ನ ತಕರಾರಿದೆ. ಡಿಸ್‌ಪ್ಲೇ ಬಾರದ ಕಂಪ್ಯೂಟರ್‌ಗಳಲ್ಲಿ ನಿಜಕ್ಕೂ ಬೋರ್ಡ್ ಸುಟ್ಟಿರುವವು ಕಡಿಮೆ. ಹೆಚ್ಚಿನವಕ್ಕೆ ಬೇಕಾಗಿರುವುದು ಅರ್ಧ ಗಂಟೆ ಸಮಯ, ಒಂದು ಸ್ಕ್ರೂಡ್ರೈವರ್, ಒಂದು ರಬ್ಬರ್.

ಇದು ನಮ್ಮ ಸೀಮೆಯ ಶಾಲೆಗಳ ಮಾತು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಕಂದಾಯದ ಲೆಕ್ಕಕ್ಕೆ ತುಮಕೂರು ಜಿಲ್ಲೆ. ಶಾಲೆಗಳ ಲೆಕ್ಕಕ್ಕೆ ಈ ನಾಲ್ಕೂ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ರಾಜ್ಯ ಸರ್ಕಾರ 2001ರಲ್ಲಿ ‘ಮಾಹಿತಿ ಸಿಂಧು’ ಎಂದು ಹೆಸರಿಟ್ಟು ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಶಿಕ್ಷಣ ತಂದಿತು. 2004ರಲ್ಲಿ ಕೇಂದ್ರದ ಐಸಿಟಿ ಯೋಜನೆ ಬಂತು. ಆಮೇಲೆ 2016–17ರಿಂದ ‘ಟಾಲ್ಪ್’ ಎಂದೇ ಎಲ್ಲರ ಬಾಯಲ್ಲಿರುವ ತಂತ್ರಜ್ಞಾನ ನೆರವಿನ ಕಲಿಕಾ ಕಾರ್ಯಕ್ರಮ. ಒಂದೊಂದು ಯೋಜನೆ ಬಂದಾಗಲೂ ಯಂತ್ರಗಳು ಬರುತ್ತವೆ, ತರಬೇತಿಯೂ ನಡೆಯುತ್ತದೆ. ಆದರೆ ಗುತ್ತಿಗೆಯ ಅವಧಿ ತೀರಿದ ಮೇಲೆ ರಿಪೇರಿ ಯಾರ ಪಾಲಿನದು ಎಂಬಲ್ಲಿಗೆ ಮಾತು ನಿಲ್ಲುತ್ತದೆ. ಕೊರಟಗೆರೆಯವರು ಸಿಪಿಯು ಹೊತ್ತುಕೊಂಡು ತುಮಕೂರಿಗೆ ಹೋಗಿಬರಬಹುದು. ಬಹುಪಾಲು ಸುತ್ತಲೂ ಆಂಧ್ರಪ್ರದೇಶವೇ ಇರುವ ಪಾವಗಡದಿಂದ ಜಿಲ್ಲಾ ಕೇಂದ್ರಕ್ಕೆ ಹತ್ತಿರ ಹತ್ತಿರ ನೂರು ಕಿಲೋಮೀಟರು. ಒಂದು ಸಡಿಲಾದ ರ‍್ಯಾಮ್‌ಗಾಗಿ ಅಷ್ಟು ದೂರದ ಬಸ್ಸು ಹತ್ತಬೇಕೇ?

ಗುಂಡಿ ಒತ್ತಿದ ಕ್ಷಣದಿಂದ ವಿಂಡೋಸ್ ಕಾಣುವವರೆಗೆ ಕಂಪ್ಯೂಟರ್ ಕೆಲವು ಹಂತಗಳನ್ನು ದಾಟಬೇಕು. ಮೊದಲು ಎಸ್‌ಎಂಪಿಎಸ್ ಎಂಬ ವಿದ್ಯುತ್ ಪೆಟ್ಟಿಗೆ ತನ್ನ ವೋಲ್ಟೇಜ್ ಸ್ಥಿರವಾಗಿದೆ ಎಂದು ಬೋರ್ಡಿಗೆ ಸೂಚನೆ ಕೊಡಬೇಕು. ಅದು ಬಂದರಷ್ಟೇ ಪ್ರೊಸೆಸರ್ ಕೆಲಸ ಶುರು ಮಾಡುತ್ತದೆ. ಫ್ಯಾನ್ ತಿರುಗಿದ ಮಾತ್ರಕ್ಕೆ ಯಂತ್ರ ಎದ್ದಿದೆ ಎಂದಲ್ಲ. ಆಮೇಲೆ ಬಯಾಸ್ ಎಂಬ ಚಿಕ್ಕ ತಂತ್ರಾಂಶ ರ‍್ಯಾಮ್, ಗ್ರಾಫಿಕ್ಸ್, ಕೀಬೋರ್ಡ್ ಒಂದೊಂದನ್ನೂ ಪರೀಕ್ಷಿಸುತ್ತದೆ. ಎಲ್ಲ ಸರಿಯಿದ್ದರೆ ಕಂಪನಿಯ ಲೋಗೊ ಮೂಡುತ್ತದೆ, ಹಾರ್ಡ್ ಡಿಸ್ಕಿನಿಂದ ವಿಂಡೋಸ್ ಅಥವಾ ಉಬುಂಟು ಏಳುತ್ತದೆ. ಇದರಲ್ಲಿ ಎಲ್ಲಿ ಕೈಕೊಟ್ಟರೂ ನಮಗೆ ಕಾಣುವುದು ಅದೇ ಕಪ್ಪು ಪರದೆ. ಎಲ್ಲಿ ಕೈಕೊಟ್ಟಿದೆ ಎಂದು ಗೊತ್ತುಮಾಡಿಕೊಳ್ಳದೆ ಬಿಡಿಭಾಗ ಕೊಳ್ಳುವುದು, ಫಾರ್ಮ್ಯಾಟ್ ಹೊಡೆಸುವುದು ದುಡ್ಡಿಗೆ ದಂಡ.

ಗೊತ್ತುಮಾಡಿಕೊಳ್ಳಲು ಉಪಕರಣವೇನೂ ಬೇಡ, ಕೀಬೋರ್ಡಿನ ನಮ್ ಲಾಕ್ ಕೀಲಿ ಸಾಕು. ಕಪ್ಪು ಪರದೆಯ ಮುಂದೆ ಕೂತು ಅದನ್ನು ಒತ್ತಿ. ದೀಪ ಹತ್ತಿ ಆರಿದರೆ ಒಳಗೆ ಯಂತ್ರ ಎದ್ದು ಕೂತಿದೆ, ಚಿತ್ರವೊಂದೇ ಹೊರಗೆ ಬರುತ್ತಿಲ್ಲ. ದೀಪ ಅಲ್ಲಾಡದಿದ್ದರೆ ಪರೀಕ್ಷೆಯ ಹಂತದಲ್ಲೇ ಸಿಕ್ಕಿಬಿದ್ದಿದೆ ಎಂದು ಹಿಡಿಯಬಹುದು. ಮೊದಲನೆಯದಾದರೆ ಪೆಟ್ಟಿಗೆ ಬಿಚ್ಚಲೇಬೇಡಿ, ಹಿಂಬದಿಯ ಕೇಬಲ್ ನೋಡಿ. ಹದಿನೈದು ಪಿನ್ನುಗಳ ನೀಲಿ ವಿಜಿಎ ಕೇಬಲ್ಲಿನ ತಿರುಪು ಬಿಗಿಯದೆ ಬರೀ ಸಿಕ್ಕಿಸಿ ಬಿಡುವುದು ನಮ್ಮಲ್ಲಿ ರೂಢಿ. ಬೆಂಚು ಸರಿಸಿದಾಗ ಅದು ಕಳಚಿಕೊಳ್ಳುತ್ತದೆ, ಪಿನ್ ಬಾಗಿರುವುದೂ ಉಂಟು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರುವ ಯಂತ್ರದಲ್ಲಿ ಕೇಬಲನ್ನು ಕಾರ್ಡಿಗೇ ಕೊಡಬೇಕು, ಬೋರ್ಡಿನ ಕಿಂಡಿಗೆ ಕೊಟ್ಟರೆ ಸಾಮಾನ್ಯವಾಗಿ ಏನೂ ಬರುವುದಿಲ್ಲ. ಮಾನಿಟರ್ ‘ನೋ ಸಿಗ್ನಲ್’ ಎನ್ನುತ್ತಿದ್ದರೆ ಅದು ಕೆಟ್ಟಿಲ್ಲ. ಎಚ್‌ಡಿಎಂಐ ಎಂದು ಕಾಯುತ್ತಿರುವ ಮಾನಿಟರಿಗೆ ವಿಜಿಎಯಲ್ಲಿ ಚಿತ್ರ ಕಳಿಸುತ್ತಿದ್ದೀರೇನೋ ಎಂದು ಮೆನುವಿನಲ್ಲಿ ನೋಡಿ. ಪ್ರೊಜೆಕ್ಟರಿಗೆ ಹಾಕಿ ತೆಗೆದ ಲ್ಯಾಪ್‌ಟಾಪ್ ಆದರೆ ಚಿತ್ರ ಎರಡನೇ ಪರದೆಗೆ ಮಾತ್ರ ಹೋಗುವಂತೆ ಸೆಟ್ ಆಗಿರಬಹುದು. ವಿಂಡೋಸ್ ಕೀಲಿ ಹಿಡಿದು ಪಿ ಒತ್ತುತ್ತಾ ಹೋದರೆ ಅದು ಬದಲಾಗುತ್ತದೆ. ಲ್ಯಾಪ್‌ಟಾಪ್ ಪರದೆಯ ಮೇಲೆ ಓರೆಯಾಗಿ ಟಾರ್ಚ್ ಬಿಟ್ಟಾಗ ಮಸುಕಾಗಿ ಅಕ್ಷರ ಕಂಡರೆ ಹಿಂದಿನ ಬೆಳಕು ಹೋಗಿದೆ, ಅದು ಅಂಗಡಿಯ ಕೆಲಸ.

ನಮ್ ಲಾಕ್ ಅಲ್ಲಾಡದ ಯಂತ್ರದ ಕಥೆಯೇ ಬೇರೆ. ಈ ಸೀಮೆಯಲ್ಲಿ ಅದಕ್ಕೆ ಮೊದಲ ಅನುಮಾನ ದೂಳಿನ ಮೇಲೆ. ಮಳೆ ಕಡಿಮೆ, ಕೆಮ್ಮಣ್ಣು, ಅದರ ಮೇಲೆ ಆಷಾಢದ ಗಾಳಿ. ಕಿಟಕಿ ಮುಚ್ಚಿದ್ದರೂ ಸಿಪಿಯು ಒಳಗೆ ಬೆರಳಲ್ಲಿ ಬರೆಯುವಷ್ಟು ದೂಳು ಕೂತಿರುತ್ತದೆ. ಪಾವಗಡದ ತಿರುಮಣಿಯ ಸುತ್ತ 13,000 ಎಕರೆಯಲ್ಲಿ ಹಬ್ಬಿರುವ 2,050 ಮೆಗಾವಾಟ್‌ನ ಸೋಲಾರ್ ಪಾರ್ಕಿನಲ್ಲಿ ದೂಳು ಕೂತರೆ ವಿದ್ಯುತ್ ಇಳಿಯುತ್ತದೆಂದು ಫಲಕಗಳನ್ನು ಸ್ವಚ್ಛ ಮಾಡುತ್ತಲೇ ಇರಬೇಕು. ಅದೇ ತಾಲ್ಲೂಕಿನ ಶಾಲೆಯ ಸಿಪಿಯುಗೆ ಮಾತ್ರ ವರ್ಷಕ್ಕೊಮ್ಮೆಯೂ ಬ್ರಷ್ ಸೋಕುವುದಿಲ್ಲ.

ಬಿಚ್ಚುವ ಮೊದಲು ಪ್ಲಗ್ ಕಿತ್ತು ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ, ಉಳಿದ ವಿದ್ಯುತ್ ಇಳಿದುಹೋಗಲಿ. ಲ್ಯಾಪ್‌ಟಾಪಿನಲ್ಲಿ ಚಾರ್ಜರ್ ತೆಗೆದು ಇಷ್ಟನ್ನೇ ಮಾಡಿದಾಗ ಪರದೆ ಬಂದುಬಿಡುವುದುಂಟು. ಪೆಟ್ಟಿಗೆಯ ಬರಿಯ ಲೋಹ ಮುಟ್ಟಿ ಮೈಯ ಸ್ಥಾಯಿ ವಿದ್ಯುತ್ತನ್ನೂ ಕಳೆದುಕೊಳ್ಳಿ, ಒಣ ಹವೆಯಲ್ಲಿ ಅದು ಜಾಸ್ತಿ. ಒಳಗೆ ಉದ್ದನೆಯ ಹಸಿರು ಪಟ್ಟಿಯೊಂದು ನಿಂತಿರುತ್ತದಲ್ಲ, ಅದೇ ರ‍್ಯಾಮ್. ಎರಡು ತುದಿಯ ಬಿಳಿ ಕ್ಲಿಪ್ ಹೊರಕ್ಕೆ ಒತ್ತಿದರೆ ಅದು ತಾನೇ ಮೇಲೇಳುತ್ತದೆ. ಕೆಳ ಅಂಚಿನಲ್ಲಿ ಚಿನ್ನದ ಬಣ್ಣದ ಗೀರುಗಳ ಸಾಲು. ಡಿಡಿಆರ್3ರಲ್ಲಿ ಅವು 240, ಡಿಡಿಆರ್4ರಲ್ಲಿ 288. ಒಂದೇ ಒಂದು ಗೀರಿಗೆ ಕಿಲುಬು ಹಿಡಿದರೂ ಬಯಾಸ್ ಮುಂದೆ ಹೋಗದೆ ನಿಂತುಬಿಡಬಹುದು. ಮಕ್ಕಳು ಪೆನ್ಸಿಲ್ ಅಳಿಸುವ ಮೆತ್ತನೆಯ ಬಿಳಿ ರಬ್ಬರಿನಿಂದ ಎರಡೂ ಬದಿ ಮೆಲ್ಲಗೆ ಉಜ್ಜಿ; ಇಂಕು ಅಳಿಸುವ ಒರಟು ರಬ್ಬರ್ ಬೇಡ, ಲೇಪನ ಕೀಳುತ್ತದೆ. ರಬ್ಬರಿನ ಚೂರು ಒಂದೂ ಉಳಿಯದಂತೆ ಕೊಡವಿ, ಖಾಲಿ ಸ್ಲಾಟಿನ ದೂಳನ್ನು ಒಣ ಬ್ರಷ್ಷಿನಿಂದ ತೆಗೆಯಿರಿ. ಬಾಯಿಂದ ಊದಿದರೆ ಎಂಜಲ ಹನಿ ಒಳಗೆ ಹೋಗುತ್ತದೆ. ಮತ್ತೆ ಕೂರಿಸುವಾಗ ಪಟ್ಟಿಯ ಕಚ್ಚು ಸ್ಲಾಟಿನ ಗುರುತಿಗೆ ಸರಿಹೋಗಬೇಕು, ಎರಡು ಕಡೆಯೂ ಟಕ್ ಎಂದು ಸದ್ದಾಗಬೇಕು. ಎರಡು ಪಟ್ಟಿ ಇದ್ದರೆ ಒಂದೊಂದನ್ನೇ ಹಾಕಿ ನೋಡಿ, ಕೆಟ್ಟಿರುವುದು ಯಾವುದೆಂದು ಅದೇ ಹೇಳುತ್ತದೆ.

ಇಷ್ಟಾದ ಮೇಲೂ ಕಪ್ಪಗೇ ಇದ್ದರೆ ಕಿವಿಗೆ ಕೆಲಸ ಕೊಡಿ. ಹಳೆಯ ಬೋರ್ಡುಗಳಲ್ಲಿ ಚಿಕ್ಕ ಸ್ಪೀಕರ್ ಇರುತ್ತದೆ. ಒಂದು ಗಿಡ್ಡ ಬೀಪ್ ಎಂದರೆ ಸಾಮಾನ್ಯವಾಗಿ ಎಲ್ಲ ಸರಿ. ಅವಾರ್ಡ್ ಬಯಾಸಿನಲ್ಲಿ ಒಂದು ಉದ್ದ ಎರಡು ಗಿಡ್ಡ ಬಂದರೆ ಗ್ರಾಫಿಕ್ಸ್ ತೊಂದರೆ. ಹೊಸ ಬೋರ್ಡುಗಳು ಕೆಲವು ಬೀಪಿನ ಬದಲು ಪುಟ್ಟ ದೀಪ ಹತ್ತಿಸಿ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಯಾವುದರಲ್ಲಿ ನಿಂತಿದೆ ಎಂದು ತೋರಿಸುತ್ತವೆ. ಬೋರ್ಡಿನ ಮೇಲಿನ ಕೆಪಾಸಿಟರುಗಳ ನೆತ್ತಿ ಉಬ್ಬಿದ್ದರೆ, ಕಂದು ರಸ ಸೋರಿದ್ದರೆ ಮಾತ್ರ ‘ಬೋರ್ಡ್ ಹೋಗೈತೆ’ ಎಂಬ ಮಾತನ್ನು ನಂಬಬಹುದು. ಎಸ್‌ಎಂಪಿಎಸ್ ಡಬ್ಬಿಯನ್ನಂತೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದು ಶಾಕ್ ಹೊಡೆಯುತ್ತದೆ. ಅನುಮಾನ ಬಂದರೆ ಪಕ್ಕದ ಯಂತ್ರದ್ದನ್ನು ಹಾಕಿ ನೋಡುವುದೇ ಸರಿಯಾದ ಪರೀಕ್ಷೆ.

ನಾಣ್ಯದಂತಿರುವ ಮೂರು ವೋಲ್ಟಿನ ಸಿಆರ್2032 ಸೆಲ್ ಬಗ್ಗೆ ಇಲ್ಲಿ ಒಂದು ಮಾತು. ಅದು ಸತ್ತರೆ ಪರದೆ ಹೋಗುವುದು ಅಪರೂಪ, ಗಡಿಯಾರ ಹೋಗುವುದು ಖಂಡಿತ. ಯಂತ್ರದ ಪ್ರಕಾರ ಇನ್ನೂ 2009ನೇ ಇಸವಿ ನಡೆಯುತ್ತಿದ್ದರೆ ಸುರಕ್ಷಿತ ಜಾಲತಾಣಗಳು ತೆರೆಯುವುದಿಲ್ಲ. ಎಸ್‌ಎಟಿಎಸ್‌ನಲ್ಲಿ ಮಕ್ಕಳ ಮಾಹಿತಿ ತುಂಬಲು ಕೂತವರು ‘ಸರ್ವರ್ ಡೌನ್’ ಎಂದು ಇಲಾಖೆಯನ್ನು ಬೈಯುವ ಮೊದಲು ಮೂಲೆಯ ದಿನಾಂಕ ನೋಡಬೇಕು. ಗಡಿಯಾರದ ಅಂಗಡಿಯಲ್ಲೂ ಈ ಸೆಲ್ ಸಿಗುತ್ತದೆ.

ಲೋಗೊ ಬಂದು, ಚುಕ್ಕೆಗಳು ತಿರುಗಿ, ಆಮೇಲೆ ಪರದೆ ಕಪ್ಪಾದರೆ ಒಳಗಿನ ಭಾಗಗಳು ಬಹುಮಟ್ಟಿಗೆ ಸರಿಯಿವೆ, ತೊಂದರೆ ವಿಂಡೋಸಿನದು. ವಿಂಡೋಸ್, ಕಂಟ್ರೋಲ್, ಶಿಫ್ಟ್ ಮೂರನ್ನೂ ಹಿಡಿದು ಬಿ ಒತ್ತಿದರೆ ಗ್ರಾಫಿಕ್ಸ್ ಡ್ರೈವರ್ ಹೊಸದಾಗಿ ಶುರುವಾಗುತ್ತದೆ. ಬಾಣದ ಗುರುತೊಂದೇ ಕಾಣುತ್ತಿದ್ದರೆ ಕಂಟ್ರೋಲ್, ಆಲ್ಟ್, ಡಿಲೀಟ್ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು ‘ಎಕ್ಸ್‌ಪ್ಲೋರರ್’ ಅನ್ನು ಮತ್ತೆ ಓಡಿಸಿ. ಏನಕ್ಕೂ ಬಗ್ಗದಿದ್ದರೆ, ಶುರುವಾಗುವ ನಡುವೆಯೇ ಪವರ್ ಗುಂಡಿ ಒತ್ತಿ ಹಿಡಿದು ಆರಿಸಿ. ಮೂರು ಸಲ ಹೀಗೆ ಮಾಡುವಷ್ಟರಲ್ಲಿ ವಿಂಡೋಸ್ 10 ಮತ್ತು 11 ತಾವೇ ರಿಪೇರಿ ಪುಟ ತೆರೆಯುತ್ತವೆ. ಅಲ್ಲಿಂದ ಸೇಫ್ ಮೋಡಿಗೆ ಹೋಗಿ ಕೊನೆಗೆ ಬಂದ ಅಪ್‌ಡೇಟನ್ನೋ ಡ್ರೈವರನ್ನೋ ತೆಗೆಯಬಹುದು. ಹೊಸ ಲ್ಯಾಪ್‌ಟಾಪ್ ಇರುವವರು ಬಯಾಸ್ ಮುಟ್ಟುವ ಮೊದಲು ಡಿಸ್ಕಿಗೆ ಬೀಗ ಹಾಕಿಡುವ ಬಿಟ್‌ಲಾಕರಿನ 48 ಅಂಕಿಯ ಕೀಲಿ ಬರೆದಿಟ್ಟುಕೊಳ್ಳಿ. ಅದನ್ನು ಕೇಳಿದಾಗ ಕೈಯಲ್ಲಿಲ್ಲದಿದ್ದರೆ ಡಿಸ್ಕಿನಲ್ಲಿರುವುದು ಇದ್ದೂ ಇಲ್ಲದಂತೆ.

ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ಏನಾದರೂ ಬರೆದಿದ್ದರೆ ದಯವಿಟ್ಟು ಅದನ್ನು ಓದಿ, ಫೋನಿನಲ್ಲಿ ಫೋಟೊ ಹಿಡಿದುಕೊಳ್ಳಿ. ಇಂಗ್ಲಿಷ್ ಕಂಡೊಡನೆ ಗುಂಡಿ ಒತ್ತಿ ಆರಿಸುವವರೇ ಹೆಚ್ಚು. ಬೂಟ್ ಡಿವೈಸ್ ಸಿಗಲಿಲ್ಲ ಎಂದಿದ್ದರೆ ಹಾರ್ಡ್ ಡಿಸ್ಕಿನ ಕೇಬಲ್ ಕಳಚಿರಬಹುದು, ಯಾರೋ ಪೆನ್‌ಡ್ರೈವ್ ಬಿಟ್ಟುಹೋಗಿರಲೂಬಹುದು.

ಅಂಗಡಿಗೆ ಕೊಡಲೇಬೇಕಾದಾಗ ‘ಫಾರ್ಮ್ಯಾಟ್ ಹೊಡೀಲಾ?’ ಎಂಬ ಪ್ರಶ್ನೆಗೆ ಹೂಂ ಅನ್ನುವ ಮೊದಲು ಡೆಸ್ಕ್‌ಟಾಪಿನಲ್ಲಿ, ಡಾಕ್ಯುಮೆಂಟ್ಸಿನಲ್ಲಿ ಏನಿತ್ತು ಎಂದು ನೆನಪಿಸಿಕೊಳ್ಳಿ. ಪ್ರಶ್ನೆಪತ್ರಿಕೆ, ವರ್ಗಾವಣೆ ಪತ್ರದ ನಮೂನೆ, ಎಸ್‌ಡಿಎಂಸಿ ನಡಾವಳಿ ಎಲ್ಲ ಅಲ್ಲೇ ಇರುತ್ತವೆ, ಫಾರ್ಮ್ಯಾಟಿನಲ್ಲಿ ಮೊದಲು ಹೋಗುವುದೂ ಅವೇ. ಉಳಿದುಕೊಂಡರೂ ಹಳೆಯ ನುಡಿ ಅಕ್ಷರಶೈಲಿ ಮತ್ತೆ ಹಾಕುವ ತನಕ ಆ ಕಡತಗಳು ಅರ್ಥವಿಲ್ಲದ ಚಿಹ್ನೆಗಳಾಗಿಯೇ ಕಾಣುತ್ತವೆ. ಡಿಸ್‌ಪ್ಲೇ ಬಾರದ ಯಂತ್ರದ ಹಾರ್ಡ್ ಡಿಸ್ಕ್ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಅದನ್ನು ಬೇರೆ ಕಂಪ್ಯೂಟರಿಗೆ ಸಿಕ್ಕಿಸಿ ಕಡತಗಳನ್ನು ನಕಲು ಮಾಡಿಕೊಡಿ ಎಂದು ಮೊದಲೇ ಹೇಳಿ, ಬೇಕಾದರೆ ಚೀಟಿಯಲ್ಲಿ ಬರೆದು ಅಂಟಿಸಿ.

ನಾಲ್ಕು ತಾಲ್ಲೂಕಿನ ಮುಖ್ಯ ಶಿಕ್ಷಕರಲ್ಲಿ ಒಂದು ಕೋರಿಕೆ. ಕೊಠಡಿಯ ಕೆಟ್ಟ ಯಂತ್ರಗಳನ್ನು ಗುಜರಿ ಪಟ್ಟಿಗೆ ಸೇರಿಸುವ ಮೊದಲು ಒಂದು ಶನಿವಾರ ಮಧ್ಯಾಹ್ನ ಊರಿನಲ್ಲಿ ರಿಪೇರಿ ಬಲ್ಲ ಹುಡುಗನೊಬ್ಬನನ್ನು ಕರೆಸಿ, ಎಲ್ಲವನ್ನೂ ಬಿಚ್ಚಿಸಿ. ಒಂದರ ರ‍್ಯಾಮ್, ಇನ್ನೊಂದರ ಎಸ್‌ಎಂಪಿಎಸ್, ಮತ್ತೊಂದರ ಕೇಬಲ್ ಸೇರಿದರೆ ಓಡುವ ಯಂತ್ರ ಒಂದಾದರೂ ಆಗುತ್ತದೆ. ಒಂಬತ್ತನೇ ತರಗತಿಯ ಮಕ್ಕಳನ್ನೂ ಸುತ್ತ ನಿಲ್ಲಿಸಿಕೊಳ್ಳಿ. ಮುಂದಿನ ಜೂನಿನಲ್ಲಿ ನಮ್ ಲಾಕ್ ಒತ್ತಿ ನೋಡುವವರು ಅವರೇ.