ಮೊದಲು ಕಾಲು, ಆಮೇಲೆ ಕೈ

ಶಾಲಾ ಕ್ರೀಡಾಕೂಟಗಳಲ್ಲಿ ಟೇಬಲ್ ಟೆನಿಸ್ ನೋಡಿದವರಿಗೆ ಈ ದೃಶ್ಯ ಹೊಸದಲ್ಲ. ಜಮಖಂಡಿ ಕಡೆಯಿಂದಲೋ ಮುಧೋಳದ ಕಡೆಯಿಂದಲೋ ಬಂದ ಹುಡುಗ. ತಾಲ್ಲೂಕಿನಲ್ಲಿ ಅವನಿಗೆ ಸರಿಸಾಟಿ ಇಲ್ಲ. ಉದ್ದ ಬಂದ ಚೆಂಡನ್ನು ಎರಡೂ ಬದಿಯಿಂದ ಚಚ್ಚಿ ಹಾಕುತ್ತಾನೆ. ಮುಂದಿನ ಸುತ್ತಿನಲ್ಲಿ ದೊಡ್ಡ ಊರಿನ, ಕೋಚಿಂಗ್ ಪಡೆದ ಎದುರಾಳಿ ಸಿಕ್ಕುತ್ತಾನೆ. ಆತ ಸರ್ವೀಸಿನಲ್ಲೇ ಚೆಂಡನ್ನು ನೆಟ್ಟಿನ ಬುಡಕ್ಕೆ ಮೆತ್ತಗೆ ಬೀಳಿಸುತ್ತಾನೆ. ಹುಡುಗ ನಿಂತಲ್ಲಿಂದಲೇ ಕೈ ಚಾಚುತ್ತಾನೆ, ಚೆಂಡು ನೆಟ್ಟಿಗೆ. ಮತ್ತೊಮ್ಮೆ ಚಾಚುತ್ತಾನೆ, ಈ ಸಲ ಚೆಂಡು ಮೇಲೆದ್ದು ಎದುರಾಳಿಯ ಬ್ಯಾಟಿಗೆ ತುತ್ತಾಗುತ್ತದೆ. ಕಾಲು ಗಂಟೆಯೊಳಗೆ ಪಂದ್ಯ ಮುಗಿದು ವರ್ಷದ ಶ್ರಮವೆಲ್ಲ ಮತ್ತೆ ಚೀಲ ಸೇರುತ್ತದೆ. ಕೈ ಸರಿಯಾಗಿ ಓಡಲಿಲ್ಲ ಎಂದು ಜೊತೆಗೆ ಬಂದ ಮಾಸ್ತರರು ಗದರಿಸುತ್ತಾರೆ. ತಪ್ಪಿದ್ದು ಕೈಯಲ್ಲ, ಕಾಲು.

ಇಷ್ಟಕ್ಕೂ ಗಿಡ್ಡ ಚೆಂಡು ಎಂದರೇನು? ಮುಟ್ಟದೆ ಬಿಟ್ಟರೆ ಮೇಜಿನ ನಮ್ಮ ಅರ್ಧದಲ್ಲೇ ಎರಡು ಸಲ ಪುಟಿಯುವ ಚೆಂಡು. 2.74 ಮೀಟರ್ ಉದ್ದದ ಮೇಜಿನಲ್ಲಿ ಒಬ್ಬರ ಪಾಲಿಗೆ ಬರುವುದು 1.37 ಮೀಟರ್. ಅದರ ತುದಿಯಾಚೆ ನಿಂತವನಿಗೆ ನೆಟ್ಟಿನ ಬುಡ ದೂರದ ಮಾತು. ಕೈ ಹಿಂದಕ್ಕೆಳೆದು ಬೀಸೋಣವೆಂದರೆ ಮೇಜು ಅಡ್ಡ. ಚೆಂಡೋ ಹೆಚ್ಚು ಮೇಲೇಳದು. ಅದನ್ನು 15.25 ಸೆಂಟಿಮೀಟರ್ ಎತ್ತರದ ನೆಟ್ ದಾಟಿಸಬೇಕು, ಆಚೆ ಬದಿಯಲ್ಲಿ ಇಳಿಸಲೂ ಬೇಕು. ಸಾಲದ್ದಕ್ಕೆ ಹಿಮ್ಮುಖ ಸ್ಪಿನ್ ಬೇರೆ. ಬ್ಯಾಟಿಗೆ ತಗುಲಿದ ಕೂಡಲೇ ಚೆಂಡು ಕೆಳಕ್ಕೆ ಜಾರುತ್ತದೆ.

ಬಹುಕಾಲ ಇದಕ್ಕಿದ್ದ ಸಾಮಾನ್ಯ ಮದ್ದು ಮೆಲ್ಲಗೆ ತಳ್ಳಿ ವಾಪಸು ಕಳಿಸುವುದು. ಜೆಕ್ ಆಟಗಾರ ಪೀಟರ್ ಕೊರ್ಬೆಲ್ ಹೆಸರಿನೊಂದಿಗೆ ಅಂಟಿಕೊಂಡ ಬ್ಯಾಕ್‌ಹ್ಯಾಂಡ್ ಫ್ಲಿಕ್ ಈ ಲೆಕ್ಕವನ್ನು ತಿರುವುಮುರುವು ಮಾಡಿತು. ಚೆಂಡು ಬಾಳೆಹಣ್ಣಿನಂತೆ ಬಾಗಿ ಹೋಗುವುದರಿಂದ ಹೊಡೆತಕ್ಕೂ ಬಾಳೆಹಣ್ಣಿನದೇ ಹೆಸರು ಬಿತ್ತು. ಅದರ ಇನ್ನೊಂದು ಹೆಸರು ಚಿಕಿಟಾ. ಅದೂ ಬಾಳೆಹಣ್ಣು ಮಾರುವ ಕಂಪನಿಯ ಹೆಸರೇ! 2011ರಲ್ಲಿ ವಿಶ್ವ ಚಾಂಪಿಯನ್ ಆಗಿ, 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಚೀನಾದ ಜಾಂಗ್ ಜಿಕೆಗೆ ಇದು ಮುಖ್ಯ ಅಸ್ತ್ರವಾಗಿತ್ತು. ಫೋರ್‌ಹ್ಯಾಂಡ್ ಬದಿಗೆ ಬಿದ್ದ ಗಿಡ್ಡ ಚೆಂಡಿಗೂ ಅಡ್ಡ ಹೆಜ್ಜೆ ಹಾಕಿ ಹೋಗಿ ಬ್ಯಾಕ್‌ಹ್ಯಾಂಡಿನಲ್ಲೇ ಹೊಡೆಯುವುದು ಇಂದು ರೂಢಿ.

ನಿಯಮ ಬದಲಾದದ್ದೂ ಸರ್ವೀಸ್ ಎದುರಿಸುವ ಕಲೆಯ ಬೆಲೆ ಹೆಚ್ಚಿಸಿತು. 2001ರವರೆಗೆ ಗೇಮಿಗೆ 21 ಪಾಯಿಂಟ್, ಸರದಿಗೆ ಐದು ಸರ್ವೀಸ್. ಆಮೇಲೆ 11 ಪಾಯಿಂಟ್, ಎರಡೇ ಸರ್ವೀಸ್. ನಾಲ್ಕು ಗಿಡ್ಡ ಚೆಂಡು ಕೈಬಿಟ್ಟರೆ ಗೇಮೇ ಕೈಬಿಟ್ಟಂತೆ. 10-10 ಆದ ಮೇಲೆ ಸರ್ವೀಸ್ ಒಂದೊಂದರಂತೆ ಬದಲಾಗುತ್ತದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಮಹಿಳಾ ತಂಡ ವಿಭಾಗದ ಕ್ವಾರ್ಟರ್ ಫೈನಲ್‌ನಲ್ಲಿ ಬೆಂಗಳೂರಿನ ಅರ್ಚನಾ ಕಾಮತ್ ಜರ್ಮನಿಯ ಶಾನ್ ಶಿಯಾವೊನಾ ವಿರುದ್ಧ ಮೊದಲ ಗೇಮನ್ನು ಗೆದ್ದದ್ದು 19-17ರಲ್ಲಿ. ಅಂದರೆ 10-10ರ ನಂತರ 16 ಪಾಯಿಂಟ್‌ಗಳು, ಅದರಲ್ಲಿ ಎಂಟು ಎದುರಾಳಿಯ ಸರ್ವೀಸು. ಒಂದನ್ನೂ ಹಗುರವಾಗಿ ಕಾಣುವಂತಿಲ್ಲ. ಎರಡನೆಯ ಗೇಮನ್ನು 1-11ರಿಂದ ಸೋತರೂ ಮುಂದಿನ ಎರಡನ್ನು ಗೆದ್ದರು. ಭಾರತ 1-3ರಿಂದ ಸೋತ ಆ ದಿನ ತಂಡಕ್ಕೆ ದಕ್ಕಿದ ಒಂದೇ ಗೆಲುವು ಅದು.

ಸರಿ, ಹೊಡೆಯುವುದು ಹೇಗೆ? ರಬಕವಿ-ಬನಹಟ್ಟಿಯ ನೇಕಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೈಮಗ್ಗದಲ್ಲಿ ಕಾಲು ತುಳಿದು ಹಾಸಿನ ಎಳೆಗಳು ಬಾಯ್ದೆರೆದ ಮೇಲೆಯೇ ಲಾಳಿ ಓಡುವುದು. ಮೇಜಿನ ಮುಂದೆಯೂ ಅದೇ ಕ್ರಮ. ಎದುರಾಳಿಯ ಬ್ಯಾಟು ಚೆಂಡಿಗೆ ತಗುಲುವ ಹೊತ್ತಿಗೆ ಎರಡೂ ಕಾಲಿನಲ್ಲಿ ಒಂದು ಸಣ್ಣ ಜಿಗಿತ, ಹಿಮ್ಮಡಿ ಹಗುರ. ಚೆಂಡು ಗಿಡ್ಡವೆಂದು ಗೊತ್ತಾದೊಡನೆ ಬಲಗೈ ಆಟಗಾರ ಎಡಗಾಲಿನಿಂದ ನೆಲ ಒತ್ತಿ ಬಲಗಾಲನ್ನು ಮೇಜಿನ ಅಡಿಗೆ ಇಡಬೇಕು. ಬ್ಯಾಕ್‌ಹ್ಯಾಂಡಿಗೂ ಬಲಗಾಲೇ ಏಕೆ ಎಂದು ಹೊಸಬರು ಕೇಳುತ್ತಾರೆ. ಬಲಗಾಲು ಒಳಗೆ ಹೋದರೆ ಬಲ ಹೆಗಲೂ ಮೊಣಕೈಯೂ ಚೆಂಡಿನ ಹತ್ತಿರ ಹೋಗುತ್ತವೆ. ಮೊಣಕಾಲು ಬಾಗಿರಲಿ, ಕಣ್ಣು ಚೆಂಡಿನ ಎತ್ತರಕ್ಕೆ ಇಳಿಯಲಿ. ಸೊಂಟದಿಂದ ಬಗ್ಗಿ ಕೈ ಚಾಚಿದರೆ ಮತ್ತೆ ಹಳೆಯ ಕಥೆ.

ಕೈಯ ಕೆಲಸ ಆಮೇಲೆ. ಮೊಣಕೈ ಮುಂದೆ, ತುಸು ಮೇಲೆ. ಬ್ಯಾಟಿನ ತುದಿ ಕೆಳಕ್ಕೆ ಇಳಿದು ಹೊಟ್ಟೆಯ ಕಡೆ ತಿರುಗಿರುತ್ತದೆ, ಮಣಿಕಟ್ಟು ಒಳಕ್ಕೆ ಮಡಿಚಿರುತ್ತದೆ. ಚೆಂಡು ಪುಟಿದು ತನ್ನ ತುದಿ ಮುಟ್ಟುವಾಗ ಮೊಣಕೈಯನ್ನೇ ತಿರುಗಣಿ ಮಾಡಿಕೊಂಡು ಮುಂಗೈ ಬಿಚ್ಚಬೇಕು, ಅದರ ಹಿಂದೆಯೇ ಮಣಿಕಟ್ಟು. ಚೆಂಡನ್ನು ಗುದ್ದುವುದಲ್ಲ, ಬೆಂಕಿಕಡ್ಡಿ ಗೀರಿದಂತೆ ಸವರುವುದು. ಹಿಮ್ಮುಖ ಸ್ಪಿನ್ ಜಾಸ್ತಿಯಿದ್ದರೆ ಮೇಲ್ಮುಖವಾಗಿ, ಇಲ್ಲದಿದ್ದರೆ ಮುಂದಕ್ಕೆ. ಹಿಡಿತ ಸಡಿಲವಿದ್ದು ತಗುಲುವ ಕ್ಷಣದಲ್ಲಷ್ಟೇ ಬಿಗಿಯಾಗಲಿ. ಮೊಣಕೈಯನ್ನು ಪಕ್ಕೆಗೆ ಅಂಟಿಸಿಕೊಂಡವನಿಗೆ ಈ ಹೊಡೆತ ಜನ್ಮದಲ್ಲಿ ಒಲಿಯದು. ಹಾಗೆಂದು ಪ್ರತಿ ಗಿಡ್ಡ ಚೆಂಡಿಗೂ ಫ್ಲಿಕ್ ಬೇಡ. ಚೆಂಡು ಏಳುತ್ತಿರುವಾಗಲೇ ಮುಟ್ಟಿ, ಅಷ್ಟೇ ಗಿಡ್ಡವಾಗಿ ಹಿಂದಿರುಗಿಸಿದರೆ ಎದುರಾಳಿಗೇ ಆ ಪೇಚು. ಎರಡೂ ಬರುವವನನ್ನು ಕಂಡರೆ ಸರ್ವೀಸ್ ಮಾಡುವವನ ಕೈ ತಡವರಿಸುತ್ತದೆ.

ಹೆಚ್ಚಿನವರು ಎಡವುವುದು ಹೊಡೆತದ ನಂತರ. ಒಳ್ಳೆಯ ಫ್ಲಿಕ್ ಹೊಡೆದು ಅಲ್ಲೇ ಮೇಜಿಗೆ ಒರಗಿ ಅದರ ಚೆಂದ ನೋಡುತ್ತ ನಿಲ್ಲುತ್ತಾರೆ. ಚತುರ ಎದುರಾಳಿ ಬೇಕಂತಲೇ ಒಳಗೆ ಕರೆದಿರುತ್ತಾನೆ, ಮುಂದಿನ ಚೆಂಡನ್ನು ಬ್ಯಾಕ್‌ಹ್ಯಾಂಡ್ ಮೂಲೆಗೆ ಉದ್ದವಾಗಿ ನುಗ್ಗಿಸುತ್ತಾನೆ. ಆದ್ದರಿಂದ ಚೆಂಡು ಬ್ಯಾಟು ಬಿಟ್ಟ ಮರುಗಳಿಗೆ ಬಲಗಾಲು ನೆಲ ಒದ್ದು ಹಿಂದೆ ಬರಬೇಕು. ಒಳಹೋಗುವ ಹೆಜ್ಜೆ ಎಷ್ಟು ಚುರುಕೋ ಹೊರಬರುವ ಹೆಜ್ಜೆ ಅದಕ್ಕಿಂತ ಚುರುಕು.

ಇದನ್ನು ರೂಢಿಸಿಕೊಳ್ಳಲು ವಿದೇಶಿ ಕೋಚ್ ಬೇಡ. ಒಂದು ಬುಟ್ಟಿ ಹಳೆಯ ಚೆಂಡು, ಅವನ್ನು ಕೈಯಿಂದ ಎಸೆಯುವ ಒಬ್ಬ ಗೆಳೆಯ ಸಾಕು. ಫೋರ್‌ಹ್ಯಾಂಡ್ ಬದಿಗೆ ಒಂದು ಗಿಡ್ಡ, ಬ್ಯಾಕ್‌ಹ್ಯಾಂಡ್ ಮೂಲೆಗೆ ಒಂದು ಉದ್ದ, ಮತ್ತೆ ಗಿಡ್ಡ, ಮತ್ತೆ ಉದ್ದ. ಮೇಜು ಸಿಗದ ದಿನ ಮನೆಯಂಗಳದಲ್ಲಿ ಸೀಮೆಸುಣ್ಣದಿಂದ ಮೇಜಿನ ಅಂಚಿಗೆ ಒಂದು ಗೆರೆ, ಬಲಗಾಲು ಇಡುವ ಜಾಗಕ್ಕೆ ಒಂದು ಗುರುತು. ಬ್ಯಾಟಿಲ್ಲದೆಯೇ ಒಳಗೆ, ಹೊರಗೆ, ಒಳಗೆ, ಹೊರಗೆ. ನೋಡಿದ ನೆರೆಮನೆಯವರು ನಗಬಹುದು. ಆ ಗುರುತು ಕಾಲಿನಿಂದಲೇ ಅಳಿಸಿಹೋದ ದಿನ ಹೊಸದೊಂದು ಗುರುತು ಹಾಕಿಕೊಂಡರಾಯಿತು.