ಗ್ರಬ್ ಕಾಣದಿದ್ದರೆ ಲಿನಕ್ಸ್ ಅಳಿಸಿಹೋಗಿದೆ ಎಂದಲ್ಲ

ಕಂಪ್ಯೂಟರ್ ಆನ್ ಮಾಡಿದರೆ ಉಬುಂಟು ನಾಪತ್ತೆ, ನೇರವಾಗಿ ವಿಂಡೋಸ್ ಪ್ರತ್ಯಕ್ಷ. ಗಾಬರಿಯಲ್ಲಿ ಡಿಸ್ಕ್ ಫಾರ್ಮ್ಯಾಟ್ ಮಾಡುವವರಿದ್ದಾರೆ. ಖಂಡಿತ ಬೇಡ!

ಯುಇಎಫ್‌ಐ ಯಂತ್ರದಲ್ಲಿ ಲಿನಕ್ಸ್‌ನ ಬೂಟ್‌ಲೋಡರ್ ಆದ ಗ್ರಬ್ ಒಂದು ಮಾಮೂಲಿ ಫೈಲ್. ಇಎಫ್‌ಐ ಸಿಸ್ಟಮ್ ಪಾರ್ಟಿಷನ್ ಎಂಬ ಪುಟ್ಟ ವಿಭಾಗದಲ್ಲಿ ಅದರ ವಾಸ. ವಿಳಾಸ ಮಾತ್ರ ಮದರ್‌ಬೋರ್ಡಿನ ನೆನಪಿನಲ್ಲಿ. ಎಷ್ಟೋ ಸಲ ಫೈಲ್ ಭದ್ರವಾಗಿಯೇ ಇರುತ್ತದೆ, ಬೂಟ್ ಸರದಿ ಬದಲಾಗಿರುತ್ತದೆ ಅಷ್ಟೇ.

ಮೊದಲು ಲೈವ್ ಯುಎಸ್‌ಬಿಯನ್ನು ಯುಇಎಫ್‌ಐ ಮೋಡ್‌ನಲ್ಲೇ ಬೂಟ್ ಮಾಡಬೇಕು. ಇದನ್ನು ಮರೆತರೆ ಮುಂದಿನದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಟರ್ಮಿನಲ್‌ನಲ್ಲಿ ರೂಟ್ ಅಧಿಕಾರದೊಂದಿಗೆ ‘ಇಎಫ್‌ಐಬೂಟ್‌ಎಂಜಿಆರ್’ ಕೊಟ್ಟರೆ ಪಟ್ಟಿ ಬರುತ್ತದೆ. ಬೂಟ್‌ಆರ್ಡರ್ ಸಾಲಿನಲ್ಲಿ ವಿಂಡೋಸ್‌ನ 0000 ಮುಂದೆ, ಉಬುಂಟುವಿನ 0003 ಹಿಂದೆ ಇದೆ ಅಂದುಕೊಳ್ಳಿ. ‘ಮೈನಸ್ ಓ’ ಆಯ್ಕೆ ಬಳಸಿ ಅದಲುಬದಲು ಮಾಡಿದರೆ ಮುಗಿಯಿತು.

ಪಟ್ಟಿಯಲ್ಲಿ ಉಬುಂಟು ಹೆಸರೇ ಇಲ್ಲವೇ? ಲಿನಕ್ಸ್‌ನ ರೂಟ್ ವಿಭಾಗವನ್ನು ಮೌಂಟ್ ಮಾಡಿ, ಅದರ ‘/ಬೂಟ್/ಇಎಫ್‌ಐ’ಗೆ ಇಎಫ್‌ಐ ವಿಭಾಗವನ್ನು ಜೋಡಿಸಬೇಕು. ಡೆವ್, ಪ್ರಾಕ್, ಸಿಸ್‌ಗಳನ್ನು ‘ಆರ್‌ಬೈಂಡ್’ ಮಾಡಿ, ಸಿಎಚ್‌ರೂಟ್‌ನಿಂದ ಒಳಹೊಕ್ಕು ‘ಗ್ರಬ್-ಇನ್‌ಸ್ಟಾಲ್’, ಆಮೇಲೆ ‘ಅಪ್‌ಡೇಟ್-ಗ್ರಬ್’.

ಇಎಫ್‌ಐ ವಿಭಾಗವನ್ನಂತೂ ಫಾರ್ಮ್ಯಾಟ್ ಮಾಡಲೇಕೂಡದು, ವಿಂಡೋಸ್‌ನ ಬೂಟ್ ಫೈಲೂ ಇರುವುದು ಅಲ್ಲೇ.

2024ರ ಆಗಸ್ಟ್‌ನ ವಿಂಡೋಸ್ ಅಪ್‌ಡೇಟ್ ನಂತರ ಕೆಲವು ಡ್ಯುಯಲ್-ಬೂಟ್ ಯಂತ್ರಗಳು ಸೆಕ್ಯೂರ್ ಬೂಟ್‌ಗೆ ಸಂಬಂಧಿಸಿದ ‘ಎಸ್‌ಬಿಎಟಿ’ ದೋಷ ತೋರಿಸಿ ನಿಂತವು. ಅಲ್ಲಿ ಸೆಕ್ಯೂರ್ ಬೂಟ್ ತಾತ್ಕಾಲಿಕವಾಗಿ ಆಫ್ ಮಾಡಿ, ಲಿನಕ್ಸ್ ಒಳಗಿಂದ ‘ಮೊಕ್‌ಯುಟಿಲ್’ ಮೂಲಕ ಎಸ್‌ಬಿಎಟಿ ನೀತಿಯನ್ನು ಅಳಿಸಬೇಕಾಯಿತು.