ಒಂದು ಬಸ್ ಪಟ್ಟಿ, ವಾರದ ಇಂಗ್ಲಿಷ್ ಪಾಠ

ಇಂಗ್ಲಿಷ್ ಮೇಷ್ಟರು ನೋಟ್‌ಬುಕ್ ತಿದ್ದುವುದೇ ಇಲ್ಲ ಎಂಬುದು ಅನೇಕ ಪಾಲಕರ ದೂರು. ಮೇಷ್ಟರನ್ನು ಕೇಳಿ ನೋಡಿ, ಅವರದೂ ಒಂದು ಲೆಕ್ಕವಿದೆ. ದಿನಕ್ಕೆ 5 ಪೀರಿಯಡ್. ಒಂದೊಂದರ ಪಾಠ ಟಿಪ್ಪಣಿಗೆ ಅರ್ಧ ಗಂಟೆ ಎಂದಿಟ್ಟುಕೊಂಡರೂ ಎರಡೂವರೆ ಗಂಟೆ ಅಲ್ಲಿಗೇ ಸಂದಿತು. ಉದ್ದೇಶ, ಸಾಮಗ್ರಿ, ಚಟುವಟಿಕೆ, ಮೌಲ್ಯಮಾಪನ ಎಂದು ಕಾಲಂ ತುಂಬಿಸುವಷ್ಟರಲ್ಲಿ ರಾತ್ರಿಯಾಗುತ್ತದೆ. ತಿದ್ದಬೇಕಾದ ನೋಟ್‌ಬುಕ್ ಚೀಲದಲ್ಲೇ ಉಳಿಯುತ್ತದೆ. ನಷ್ಟ ಮಗುವಿಗೆ.

ಹಾಗೆಂದು ತಯಾರಿಯಿಲ್ಲದೆ ತರಗತಿಗೆ ಹೋಗಬಹುದೆ? ಖಂಡಿತ ಕೂಡದು. ತಯಾರಿ ಇರಲಿ, ಅದಕ್ಕೆ ಹಿಡಿಯುವ ಹೊತ್ತು ಕಡಿಮೆಯಾಗಲಿ. ಅದಕ್ಕೊಂದು ದಾರಿ ನಮ್ಮ ಶಾಲೆಗಳಲ್ಲೇ ಇದೆ.

ಬೆಂಗಳೂರು ಯೋಜನೆ

1979ರಿಂದ 1984ರವರೆಗೆ ಭಾಷಾತಜ್ಞ ಎನ್.ಎಸ್. ಪ್ರಭು ಅವರ ಮುಂದಾಳತ್ವದಲ್ಲಿ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಒಂದು ಪ್ರಯೋಗ ನಡೆಯಿತು. ಇಂಗ್ಲಿಷ್ ಬೋಧನೆಯ ಜಗತ್ತಿನಲ್ಲಿ ಅದು ‘ಬೆಂಗಳೂರು ಯೋಜನೆ’ ಎಂದೇ ಹೆಸರಾಗಿದೆ. ವ್ಯಾಕರಣದ ನಿಯಮ ಉರು ಹೊಡೆಸುವ ಬದಲು ಮಕ್ಕಳಿಗೆ ಯೋಚಿಸಿ ಬಿಡಿಸುವ ಕೆಲಸ ಕೊಡಬೇಕು ಎಂಬುದು ಅದರ ತಿರುಳು. ರೈಲು ವೇಳಾಪಟ್ಟಿ, ನಕ್ಷೆಗಳಂಥವೇ ಸಾಮಗ್ರಿ.

ಪಾಠಕ್ಕೆ ಮೂರೇ ಹಂತ. ಮೊದಲು ಮೇಷ್ಟರು ಒಂದು ಸಮಸ್ಯೆಯನ್ನು ಇಡೀ ತರಗತಿಯೊಡನೆ ಪ್ರಶ್ನೋತ್ತರದಲ್ಲಿ ಬಿಡಿಸುತ್ತಾರೆ. ಅನಂತರ ಅಂಥದೇ ಇನ್ನೊಂದನ್ನು ಪ್ರತಿ ಮಗುವೂ ತಾನೇ ಬಿಡಿಸುತ್ತದೆ. ಕೊನೆಗೆ ತಿದ್ದುವುದು. ಮೇಷ್ಟರ ಸಮಯ ಉಳಿಸುವುದು ಪ್ರಭು ಅವರ ಗುರಿಯಾಗಿರಲಿಲ್ಲ. ಆದರೆ ಈ ಚೌಕಟ್ಟಿನಲ್ಲಿ ಆ ಲಾಭವೂ ಅಡಗಿದೆ.

ಪಟ್ಟಿ ಒಂದು, ಪಾಠ ಐದು

ಊರಿನ ಬಸ್ ನಿಲ್ದಾಣದ ವೇಳಾಪಟ್ಟಿಯನ್ನೇ ಇಂಗ್ಲಿಷಿನಲ್ಲಿ ಬರೆದುಕೊಳ್ಳಿ. ಸೋಮವಾರ: ಮೊದಲ ಬಸ್ ಎಷ್ಟಕ್ಕೆ ಹೊರಡುತ್ತದೆ? ಮಂಗಳವಾರ: ಯಾವ ಬಸ್ ಬೇಗ ತಲುಪುತ್ತದೆ? ಬುಧವಾರ: 10 ಗಂಟೆಗೆ ಆಸ್ಪತ್ರೆಯಲ್ಲಿರಬೇಕಾದ ಅಜ್ಜಿ ಯಾವ ಬಸ್ ಹತ್ತಬೇಕು? ಗುರುವಾರ: ಅದು ತಪ್ಪಿದರೆ? ಶುಕ್ರವಾರ: ಊರಿಗೆ ಬರುವ ಮಾವನಿಗೆ ದಾರಿ ತಿಳಿಸುವ ಪತ್ರ. ಚೌಕಟ್ಟು ಅದೇ, ಪಟ್ಟಿಯೂ ಅದೇ. ಹೊಸದಾಗಿ ಬರೆಯಬೇಕಾದದ್ದು ನಾಲ್ಕಾರು ಪ್ರಶ್ನೆ ಮಾತ್ರ. ಮುಂದಿನ ವರ್ಷಕ್ಕೂ ಹಾಳೆ ಎತ್ತಿಟ್ಟರಾಯಿತು.

ನಾಳೆಯ ಪ್ರಶ್ನೆ ಎಷ್ಟು ಕಠಿಣವಿರಬೇಕು? ಅದಕ್ಕೂ ಪ್ರಭು ಅವರಲ್ಲಿ ಸರಳ ಅಳತೆಯಿದೆ: ತರಗತಿಯ ಅರ್ಧದಷ್ಟು ಮಕ್ಕಳಾದರೂ ಅರ್ಧದಷ್ಟು ಕೆಲಸವನ್ನು ಸರಿಯಾಗಿ ಮಾಡುವಂತಿರಬೇಕು. ಅಷ್ಟು ಆಗಲಿಲ್ಲವೆ? ನಾಳೆ ಸುಲಭ ಮಾಡಿ. ಸಲೀಸಾಗಿ ಮುಗಿಸಿದರೆ? ಒಂದು ಮೆಟ್ಟಿಲು ಏರಿ. ಅಂದರೆ ಇಂದು ತಿದ್ದಿದ ಪುಸ್ತಕವೇ ನಾಳೆಯ ಪಾಠ ಟಿಪ್ಪಣಿ. ತಿದ್ದುವುದು, ಯೋಜಿಸುವುದು ಎರಡು ಕೆಲಸವಾಗಿ ಉಳಿಯುವುದಿಲ್ಲ.

ಮನೆಯವರ ಪಾಲು

ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆಯಬೇಕಿಲ್ಲ. ಔಷಧದ ಡಬ್ಬಿ, ಬಿಸ್ಕತ್ತಿನ ಪೊಟ್ಟಣ, ರೈಲು ಟಿಕೆಟ್ ಎಲ್ಲದರ ಮೇಲೂ ಇಂಗ್ಲಿಷ್ ಇದೆ. ಪಾಲಕರು ಇವನ್ನು ಮಗುವಿನ ಕೈಯಲ್ಲಿ ಶಾಲೆಗೆ ಕಳಿಸಿದರೆ ಮೇಷ್ಟರಿಗೆ ಸಾಮಗ್ರಿ ಹುಡುಕುವ ಕೆಲಸ ತಪ್ಪುತ್ತದೆ. ವಿದ್ಯಾರ್ಥಿಗಳೂ ಅಷ್ಟೆ, ಪೊಟ್ಟಣ ಓದಿ ಗೆಳೆಯನಿಗೆ ಮೂರು ಪ್ರಶ್ನೆ ತಯಾರಿಸಿ. ಪ್ರಶ್ನೆ ಕೇಳಬಲ್ಲವನಿಗೆ ಉತ್ತರ ಕಷ್ಟವಾಗದು.

ಇನ್ನು ಮುಖ್ಯೋಪಾಧ್ಯಾಯರಲ್ಲಿ ಒಂದು ವಿನಂತಿ. ಟಿಪ್ಪಣಿಯ ಪುಟ ಎಣಿಸುವುದಕ್ಕೆ ಮೊದಲು ಮಗುವಿನ ನೋಟ್‌ಬುಕ್ ತೆರೆದು ನೋಡಿ. ಮೇಷ್ಟರ ಶ್ರಮ ಕಾಣಬೇಕಾದದ್ದು ಅಲ್ಲಿಯೇ ಅಲ್ಲವೆ?